'ಡಾಕ್ಟರ್ ಹೂ': ಆರು ದಶಕಗಳ ಏಳುಬೀಳು, ಅಭಿಮಾನಿಗಳ ಮುಗಿಯದ ವಾದ

ಬ್ರಿಟನ್ನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಬಿಬಿಸಿ 1963ರ ನವೆಂಬರ್ 23ರಂದು ಆರಂಭಿಸಿದ 'ಡಾಕ್ಟರ್ ಹೂ' ದೂರದರ್ಶನದ ಇತಿಹಾಸದಲ್ಲಿ ಅತಿ ದೀರ್ಘಕಾಲ ಬಾಳಿದ ವೈಜ್ಞಾನಿಕ ಕಾಲ್ಪನಿಕ ಧಾರಾವಾಹಿ. 1989ರವರೆಗೆ 26 ಆವೃತ್ತಿಗಳು, 1996ರಲ್ಲಿ ಒಂದೇ ಒಂದು ಕಿರುತೆರೆ ಚಲನಚಿತ್ರ, 2005ರಲ್ಲಿ ಪುನರಾರಂಭ - ಇದು ಅದರ ಸ್ಥೂಲ ಚರಿತ್ರೆ. ಈ ಚರಿತ್ರೆಯ ಪಕ್ಕದಲ್ಲೇ ಇನ್ನೊಂದು ಚರಿತ್ರೆಯೂ ಬೆಳೆದಿದೆ. ಯಾವ ಕಾಲ ಉತ್ತಮ, ಯಾವ ಕಥೆ ಕಳಪೆ, ಯಾರು ಧಾರಾವಾಹಿಯನ್ನು ಎತ್ತಿದರು, ಯಾರು ಬೀಳಿಸಿದರು ಎಂಬ ಅಭಿಮಾನಿಗಳ ವಾದದ ಚರಿತ್ರೆ ಅದು.

ಇಂಥ ವಾದಗಳು ಎಲ್ಲ ಜನಪ್ರಿಯ ಧಾರಾವಾಹಿಗಳಿಗೂ ಇರುತ್ತವೆ. ಆದರೆ 'ಡಾಕ್ಟರ್ ಹೂ' ವಿಷಯದಲ್ಲಿ ಅವು ಕೇವಲ ಹರಟೆಯಾಗಿ ಉಳಿಯಲಿಲ್ಲ. ಬಿಬಿಸಿ ಅಳಿಸಿಹಾಕಿದ್ದನ್ನು ಅಭಿಮಾನಿಗಳು ಉಳಿಸಿದರು, ಬಿಬಿಸಿ ನಿಲ್ಲಿಸಿದ್ದನ್ನು ಅಭಿಮಾನಿಗಳು ಬೇರೆ ರೂಪದಲ್ಲಿ ಮುಂದುವರಿಸಿದರು, ಕೊನೆಗೆ ಅವರಲ್ಲೇ ಕೆಲವರು ಧಾರಾವಾಹಿಯ ಸೂತ್ರ ಹಿಡಿದರು. ತೀರ್ಪು ಹೇಳುತ್ತಿದ್ದವರು ತೀರ್ಪಿಗೆ ಗುರಿಯಾದರು.

ಹುಟ್ಟು ಮತ್ತು ಚೌಕಟ್ಟು

ಟೈಮ್ ಲಾರ್ಡ್ ಎಂಬ ಅನ್ಯಗ್ರಹದ ಕುಲಕ್ಕೆ ಸೇರಿದ 'ಡಾಕ್ಟರ್' ಎಂಬ ಅಲೆಮಾರಿ, ಹೊರಗೆ ನೀಲಿ ಬಣ್ಣದ ಪೊಲೀಸ್ ದೂರವಾಣಿ ಪೆಟ್ಟಿಗೆಯಂತೆ ಕಾಣುವ, ಒಳಗೆ ಅಪಾರ ವಿಸ್ತಾರವುಳ್ಳ 'ಟಾರ್ಡಿಸ್' ಎಂಬ ನೌಕೆಯಲ್ಲಿ ಕಾಲ ಮತ್ತು ಆಕಾಶಗಳಲ್ಲಿ ಸಂಚರಿಸುತ್ತಾನೆ. ಜೊತೆಗೆ ಸಾಮಾನ್ಯವಾಗಿ ಒಬ್ಬಿಬ್ಬರು ಮನುಷ್ಯ ಸಂಗಾತಿಗಳು. ಕಥೆಯ ಮೂಲ ಚೌಕಟ್ಟು ಇಷ್ಟೇ.

ಕೆನಡಾದಿಂದ ಬಂದು ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥರಾಗಿದ್ದ ಸಿಡ್ನಿ ನ್ಯೂಮನ್ ಇದರ ಪರಿಕಲ್ಪನೆಯಲ್ಲಿ ಪ್ರಮುಖರು. ವೆರಿಟಿ ಲ್ಯಾಂಬರ್ಟ್ ಮೊದಲ ನಿರ್ಮಾಪಕಿ. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್ 1938ರಲ್ಲಿ ಲಖನೌದಲ್ಲಿ ಜನಿಸಿದವರು. ಧಾರಾವಾಹಿ ಆರಂಭವಾದಾಗ ಅವರಿಗೆ ಇನ್ನೂ 25 ತುಂಬಿರಲಿಲ್ಲ. ಅಮೆರಿಕದ ಅಧ್ಯಕ್ಷ ಕೆನಡಿ ಅವರ ಹತ್ಯೆಯ ಮರುದಿನವೇ ಮೊದಲ ಕಂತು ಪ್ರಸಾರವಾದುದರಿಂದ ಅದು ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಮುಂದಿನ ವಾರ ಎರಡನೇ ಕಂತಿಗೆ ಮುನ್ನ ಮೊದಲನೆಯದನ್ನು ಮತ್ತೊಮ್ಮೆ ತೋರಿಸಲಾಯಿತು.

ಮಕ್ಕಳಿಗೆ ಇತಿಹಾಸ ಮತ್ತು ವಿಜ್ಞಾನಗಳನ್ನು ರಂಜನೆಯೊಂದಿಗೆ ತಿಳಿಸುವುದು ಮೂಲ ಉದ್ದೇಶವಾಗಿತ್ತು. ವಿಕಾರ ರೂಪದ ರಾಕ್ಷಸ ಜೀವಿಗಳು ಬೇಡವೆಂದು ನ್ಯೂಮನ್ ಸ್ಪಷ್ಟವಾಗಿ ಹೇಳಿದ್ದರು. ಆದರೆ ಎರಡನೇ ಕಥೆಯಲ್ಲೇ ಲೇಖಕ ಟೆರಿ ನೇಷನ್ ಸೃಷ್ಟಿಸಿದ, ರೇಮಂಡ್ ಕ್ಯುಸಿಕ್ ರೂಪ ಕೊಟ್ಟ 'ಡಾಲೆಕ್'ಗಳು ಬಂದವು. ಲೋಹದ ಕವಚದೊಳಗಿನ ಈ ದ್ವೇಷಮಯ ಜೀವಿಗಳನ್ನು ನೋಡಲು ದೇಶದ ಮಕ್ಕಳೆಲ್ಲ ಮುಗಿಬಿದ್ದರು. ಧಾರಾವಾಹಿ ಉಳಿದದ್ದೇ ತನ್ನ ಮೊದಲ ನಿಯಮವನ್ನು ಮುರಿದುಕೊಂಡು.

1966ರಲ್ಲಿ ಇನ್ನೊಂದು ದೊಡ್ಡ ತಿರುವು ಬಂತು. ಮೊದಲ ಡಾಕ್ಟರ್ ಆಗಿದ್ದ ವಿಲಿಯಂ ಹಾರ್ಟ್‌ನೆಲ್ ಅನಾರೋಗ್ಯದಿಂದ ಹಿಂದೆ ಸರಿಯಬೇಕಾದಾಗ, ನಾಯಕ ಸಾಯುವ ಬದಲು ಹೊಸ ದೇಹ ತಾಳುತ್ತಾನೆ ಎಂಬ ಉಪಾಯವನ್ನು ನಿರ್ಮಾಪಕರು ಹುಡುಕಿದರು. ಪ್ಯಾಟ್ರಿಕ್ ಟ್ರೌಟನ್ ಎರಡನೇ ಡಾಕ್ಟರ್ ಆದರು. ಈ ಮರುಹುಟ್ಟೇ ಧಾರಾವಾಹಿಯ ದೀರ್ಘಾಯುಷ್ಯದ ಗುಟ್ಟು, ಅಭಿಮಾನಿಗಳ ಜಗಳದ ಮೂಲವೂ ಹೌದು. ನಟ ಬದಲಾದಾಗಲೆಲ್ಲ ಹಳಬರು ಹಿಂದಿನವನನ್ನು ನೆನೆಯುತ್ತಾರೆ. ಅದೇ ವರ್ಷ ನೋಡತೊಡಗಿದ ಮಗುವಿಗೆ ಹೊಸಬನೇ 'ನನ್ನ ಡಾಕ್ಟರ್' ಆಗುತ್ತಾನೆ.

ನೋಡಲಾಗದ ಕಥೆಗಳ ಕುರಿತು ವಾದ

ಅರುವತ್ತರ ದಶಕದ ಕಥೆಗಳೇ ಶ್ರೇಷ್ಠ ಎಂಬ ವಾದವನ್ನು ಬಹುಕಾಲ ಯಾರೂ ಪರೀಕ್ಷಿಸುವಂತಿರಲಿಲ್ಲ. ಏಕೆಂದರೆ ಅವುಗಳಲ್ಲಿ ಹಲವು ಬಿಬಿಸಿಯಲ್ಲೇ ಇರಲಿಲ್ಲ. ವಿಡಿಯೊ ಟೇಪು ದುಬಾರಿಯಾಗಿದ್ದ ಕಾಲವದು. ಕಲಾವಿದರ ಒಪ್ಪಂದಗಳು ಮರುಪ್ರಸಾರಕ್ಕೆ ಮಿತಿ ಹಾಕಿದ್ದವು. ಮನೆಯಲ್ಲಿ ಕುಳಿತು ಹಳೆಯ ಕಾರ್ಯಕ್ರಮ ನೋಡುವ ಸೌಲಭ್ಯ ಬರುತ್ತದೆಂದು ಯಾರೂ ಊಹಿಸಿರಲಿಲ್ಲ. ಹೀಗಾಗಿ 1960ರ ದಶಕದ ಕೊನೆಯಿಂದ 1970ರ ದಶಕದವರೆಗೆ ಸಂಸ್ಥೆ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು, ವಿದೇಶಗಳಿಗೆ ಮಾರಲು ತೆಗೆಸಿದ್ದ ಫಿಲ್ಮ್ ಪ್ರತಿಗಳನ್ನೂ ನಾಶಮಾಡಿತು.

ಉಳಿದದ್ದರಲ್ಲಿ ಅಭಿಮಾನಿಗಳ ಪಾಲು ದೊಡ್ಡದು. ಟಿವಿಯ ಮುಂದೆ ಧ್ವನಿಮುದ್ರಣ ಯಂತ್ರವಿಟ್ಟು ಮನೆಯವರನ್ನೆಲ್ಲ ಸುಮ್ಮನಿರಿಸಿ ಕೆಲವು ಹುಡುಗರು ಮುದ್ರಿಸಿಕೊಂಡ ಶಬ್ದದಿಂದಾಗಿ, ಚಿತ್ರ ಕಳೆದುಹೋದ ಕಂತುಗಳೆಲ್ಲದರ ಧ್ವನಿ ಇಂದಿಗೂ ಲಭ್ಯವಿದೆ. ಈ ಧ್ವನಿಗೆ ಅನಿಮೇಷನ್ ಜೋಡಿಸಿ ಬಿಬಿಸಿ 2006ರಿಂದೀಚೆಗೆ ಹಲವು ಕಥೆಗಳನ್ನು ಮರಳಿ ಹೊರತಂದಿದೆ. ಟ್ರೌಟನ್ ಅವರ ಮೊದಲ ಕಥೆ 'ದಿ ಪವರ್ ಆಫ್ ದಿ ಡಾಲೆಕ್ಸ್' 2016ರಲ್ಲಿ ಹೀಗೆ ಮರುಜೀವ ಪಡೆಯಿತು.

ಕಳೆದುಹೋದದ್ದು ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳಿವೆ. 1967ರ 'ದಿ ಟೂಂಬ್ ಆಫ್ ದಿ ಸೈಬರ್‌ಮೆನ್' ಕಣ್ಮರೆಯಾಗಿದ್ದ ಕಾಲದಲ್ಲಿ ಅಭಿಮಾನಿಗಳ ಬಾಯಲ್ಲಿ ದಂತಕಥೆಯಾಗಿತ್ತು. ಅದರ ನಾಲ್ಕೂ ಕಂತುಗಳು ಹಾಂಕಾಂಗ್‌ನಲ್ಲಿ ಪತ್ತೆಯಾಗಿ 1992ರಲ್ಲಿ ವಿಡಿಯೊ ರೂಪದಲ್ಲಿ ಬಂದಾಗ, ಸಮಾಧಿಯಿಂದ ಸೈಬರ್‌ಮೆನ್‌ಗಳು ಎದ್ದುಬರುವ ದೃಶ್ಯಕ್ಕೆ ತಲೆದೂಗಿದವರೇ ಕಣ್ಣಿಗೆ ಬೀಳುವ ತಂತಿಗಳನ್ನೂ ಕಪ್ಪುವರ್ಣೀಯ ಸೇವಕನ ಪಾತ್ರದ ದುರ್ಬಲ ಚಿತ್ರಣವನ್ನೂ ಗುರುತಿಸಿದರು.

ಎರಡನೆಯದು ಇದಕ್ಕೆ ತದ್ವಿರುದ್ಧ. 'ದಿ ಎನಿಮಿ ಆಫ್ ದಿ ವರ್ಲ್ಡ್' ಕಥೆಯ ಆರು ಕಂತುಗಳಲ್ಲಿ ಮೂರನೆಯದೊಂದೇ ಉಳಿದಿತ್ತು. ಅದು ಸಪ್ಪೆಯಾಗಿದ್ದುದರಿಂದ ಇಡೀ ಕಥೆಯೇ ಸಪ್ಪೆ ಎಂಬ ಅಭಿಪ್ರಾಯ ಬೇರೂರಿತ್ತು. ನೈಜೀರಿಯಾದ ಜೋಸ್ ನಗರದಲ್ಲಿ ಅದರ ಉಳಿದ ಐದು ಕಂತುಗಳು ಹಾಗೂ 'ದಿ ವೆಬ್ ಆಫ್ ಫಿಯರ್' ಕಥೆಯ ನಾಲ್ಕು ಕಂತುಗಳು ಸಿಕ್ಕಿವೆಯೆಂದು 2013ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ನಾಯಕ ಮತ್ತು ಖಳನಾಯಕ ಎರಡನ್ನೂ ಟ್ರೌಟನ್ ಅಭಿನಯಿಸಿದ ಆ ಕಥೆಯ ಸ್ಥಾನ ಅಭಿಮಾನಿಗಳ ಪಟ್ಟಿಗಳಲ್ಲಿ ಒಮ್ಮೆಗೇ ಮೇಲೇರಿತು. ಈ ಪತ್ತೆಯ ನಂತರವೂ 97 ಕಂತುಗಳು ಸಿಗದೆ ಉಳಿದಿದ್ದವು. ಹುಸೇನ್ ಅವರು ಬಹುಪಾಲು ನಿರ್ದೇಶಿಸಿದ 'ಮಾರ್ಕೊ ಪೋಲೊ' ಕಥೆಯ ಏಳೂ ಕಂತುಗಳು ಅವುಗಳಲ್ಲಿ ಸೇರಿದ್ದವು.

1976: ಪರಂಪರೆ ಕೆಟ್ಟಿತೆಂಬ ಮೊದಲ ದೂರು

1974ರಲ್ಲಿ ಟಾಮ್ ಬೇಕರ್ ನಾಲ್ಕನೇ ಡಾಕ್ಟರ್ ಆದರು. ಉದ್ದನೆಯ ಕೊರಳ ವಸ್ತ್ರ, ಅಗಲ ನಗೆಯ ಈ ನಟ 1981ರವರೆಗೆ, ಬೇರೆಲ್ಲ ನಟರಿಗಿಂತ ಹೆಚ್ಚು ಕಾಲ, ಪಾತ್ರವನ್ನು ನಿರ್ವಹಿಸಿದರು. ನಿರ್ಮಾಪಕ ಫಿಲಿಪ್ ಹಿಂಚ್‌ಕ್ಲಿಫ್ ಮತ್ತು ಸಂಭಾಷಣಾ ಸಂಪಾದಕ ರಾಬರ್ಟ್ ಹೋಮ್ಸ್ ಜೋಡಿಯ 1975-77ರ ಅವಧಿಯನ್ನು ಇಂದು ಅನೇಕರು ಸುವರ್ಣಯುಗ ಎನ್ನುತ್ತಾರೆ. ಆ ಕಾಲದವರು ಮಾತ್ರ ಹಾಗೆ ತಿಳಿದಿರಲಿಲ್ಲ.

'ಡಾಕ್ಟರ್ ಹೂ ಅಪ್ರಿಸಿಯೇಷನ್ ಸೊಸೈಟಿ' ಎಂಬ ಅಭಿಮಾನಿಗಳ ಸಂಘ ಸ್ಥಾಪನೆಯಾದದ್ದು 1976ರಲ್ಲಿ. ಅದೇ ವರ್ಷದ ಕೊನೆಗೆ ಹೋಮ್ಸ್ ಬರೆದ 'ದಿ ಡೆಡ್ಲಿ ಅಸಾಸಿನ್' ಪ್ರಸಾರವಾಯಿತು. ಅದುವರೆಗೆ ದೇವತೆಗಳಂತೆ ದೂರದಲ್ಲಿದ್ದ ಟೈಮ್ ಲಾರ್ಡ್‌ಗಳನ್ನು ಈ ಕಥೆ ಕುತಂತ್ರಿ ರಾಜಕಾರಣಿಗಳೂ ಮರೆಗುಳಿ ಮುದುಕರೂ ಆದ ಸಾಮಾನ್ಯರನ್ನಾಗಿ ತೋರಿಸಿತು. ಸಂಘದ ಅಧ್ಯಕ್ಷರೇ ಸಂಘದ ಪತ್ರಿಕೆಯಲ್ಲಿ ಇದನ್ನು ಕಟುವಾಗಿ ಟೀಕಿಸಿ, ಧಾರಾವಾಹಿಯ ಮಾಂತ್ರಿಕತೆ ಎಲ್ಲಿಗೆ ಹೋಯಿತೆಂದು ಪ್ರಶ್ನಿಸಿದರು.

ಮುಂದೆ ಆದದ್ದೇ ಬೇರೆ. ಆ ಕಥೆ ಶ್ರೇಷ್ಠ ಕೃತಿಗಳ ಸಾಲಿಗೆ ಸೇರಿತು. ಟೈಮ್ ಲಾರ್ಡ್ ಒಬ್ಬನಿಗೆ ಹನ್ನೆರಡೇ ಮರುಹುಟ್ಟು ಎಂಬ ನಿಯಮ ಬಂದದ್ದು ಅದರಿಂದಲೇ. ಅವರ ಸಮಾಜದ ಕುರಿತು ನಂತರದ ಲೇಖಕರು ಕಟ್ಟಿದ್ದಕ್ಕೆಲ್ಲ ಅದೇ ಅಡಿಪಾಯವಾಯಿತು. 1976ರಲ್ಲಿ ಪರಂಪರೆಗೆ ದ್ರೋಹವೆನಿಸಿದ್ದು ಒಂದು ದಶಕದಲ್ಲಿ ಪರಂಪರೆಯೇ ಆಗಿತ್ತು.

ಅದೇ ಕಥೆಯ ಬಗ್ಗೆ ಹೊರಗಿನಿಂದ ಬಂದ ದೂರು ಹೆಚ್ಚು ಪರಿಣಾಮ ಬೀರಿತು. ಡಾಕ್ಟರನ ತಲೆಯನ್ನು ನೀರಿನಲ್ಲಿ ಮುಳುಗಿಸಿ ಹಿಡಿದ ದೃಶ್ಯದೊಂದಿಗೆ ಮೂರನೇ ಕಂತು ಮುಗಿದಿತ್ತು. ಪ್ರಸಾರದ ಶುಚಿತ್ವಕ್ಕಾಗಿ ಹೋರಾಡುತ್ತಿದ್ದ ಮೇರಿ ವೈಟ್‌ಹೌಸ್ ಇದನ್ನು ಪ್ರತಿಭಟಿಸಿದರು. ಬಿಬಿಸಿ ಕ್ಷಮೆ ಕೋರಿತು, ಮೂಲ ಟೇಪಿನಿಂದಲೇ ಆ ಚಿತ್ರಿಕೆಗೆ ಕತ್ತರಿ ಬಿತ್ತು. ಹಿಂಚ್‌ಕ್ಲಿಫ್ ಅವರನ್ನು ಬೇರೆ ಕಾರ್ಯಕ್ರಮಕ್ಕೆ ಕಳುಹಿಸಲಾಯಿತು. ಹೊಸ ನಿರ್ಮಾಪಕ ಗ್ರಹಾಂ ವಿಲಿಯಮ್ಸ್ ಅವರಿಗೆ ಹಿಂಸೆ ತಗ್ಗಿಸುವ ಸೂಚನೆ ಸಿಕ್ಕಿತು.

ನಗೆ, ಹಾವು ಮತ್ತು ಬದಲಾದ ರುಚಿ

ಹಿಂಸೆ ತಗ್ಗಿದಾಗ ಹಾಸ್ಯ ಹೆಚ್ಚಿತು. 1979ರಲ್ಲಿ ಡಗ್ಲಸ್ ಆಡಮ್ಸ್ ಸಂಭಾಷಣಾ ಸಂಪಾದಕರಾದರು. ಅವರ ಕೈವಾಡವಿದ್ದ 'ಸಿಟಿ ಆಫ್ ಡೆತ್' ಕಥೆಯ ಕೊನೆಯ ಕಂತನ್ನು 1 ಕೋಟಿ 61 ಲಕ್ಷ ಜನ ವೀಕ್ಷಿಸಿದರು. ಇದು ಧಾರಾವಾಹಿಯ ದಾಖಲೆ. ಪ್ರತಿಸ್ಪರ್ಧಿ ಐಟಿವಿ ವಾಹಿನಿ ಮುಷ್ಕರದಿಂದ ಸ್ತಬ್ಧವಾಗಿದ್ದುದು ಇದಕ್ಕೆ ಮುಖ್ಯ ಕಾರಣ. ಧಾರಾವಾಹಿ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಿದೆ ಎಂಬುದು ಅಂದಿನ ಸಂಘಟಿತ ಅಭಿಮಾನಿಗಳ ದೂರಾಗಿತ್ತು. ಇಂದು ಅದೇ ಕಥೆ ಧಾರಾವಾಹಿಯ ಅತ್ಯಂತ ಚತುರ ಕೃತಿಗಳಲ್ಲೊಂದು.

1982ರ 'ಕಿಂಡಾ' ಇನ್ನೊಂದು ಉದಾಹರಣೆ. ಲೇಖಕ ಕ್ರಿಸ್ಟೋಫರ್ ಬೈಲಿ ಬೌದ್ಧ ತತ್ತ್ವವನ್ನು ಆಧರಿಸಿ ಹೆಣೆದ ಈ ಕಥೆಯಲ್ಲಿ ಮನಸ್ಸಿನೊಳಗೆ ನುಗ್ಗುವ ದುಷ್ಟಶಕ್ತಿಯ ಹೆಸರು 'ಮಾರ'. ಪಾತ್ರಗಳ ಹೆಸರುಗಳು ದುಕ್ಖ, ಅನಿಚ್ಚ, ಅನತ್ತ, ಪನ್ನಾ, ಕರುಣಾ. ಪಾಲಿ ಭಾಷೆಯ ಈ ಪದಗಳ ಅರ್ಥ ಭಾರತೀಯ ವೀಕ್ಷಕನಿಗೆ ತಟ್ಟನೆ ಹೊಳೆಯುತ್ತದೆ. ಬ್ರಿಟನ್ನಿನ ಎಳೆಯ ಅಭಿಮಾನಿಗಳಿಗೆ ಆಗ ಕಂಡದ್ದು ಕೊನೆಯಲ್ಲಿ ಬರುವ, ರಬ್ಬರಿನದೆಂದು ಎದ್ದು ತೋರುವ ಹಾವು ಮಾತ್ರ. ಅವರೇ ದೊಡ್ಡವರಾಗಿ ಮತ್ತೆ ನೋಡಿದಾಗ ಕಥೆಯ ಆಳ ಕಂಡಿತು. 2011ರ ಡಿವಿಡಿಯಲ್ಲಿ ಬೇಕಿದ್ದವರಿಗೆ ಗಣಕಯಂತ್ರದಲ್ಲಿ ರಚಿಸಿದ ಹೊಸ ಹಾವನ್ನೂ ಒದಗಿಸಲಾಯಿತು.

ರುಚಿಯ ಬದಲಾವಣೆ ಸದಾ ಮೇಲ್ಮುಖವೇ ಆಗಬೇಕಿಲ್ಲ. ಹೋಮ್ಸ್ ಅವರದೇ 1977ರ 'ದಿ ಟ್ಯಾಲನ್ಸ್ ಆಫ್ ವೆಂಗ್-ಚಿಯಾಂಗ್' ದಶಕಗಳ ಕಾಲ ಎಲ್ಲ ಪಟ್ಟಿಗಳ ಮೇಲ್ತುದಿಯಲ್ಲಿತ್ತು. ಚೀನೀಯರನ್ನು ಅಪರಾಧಿಗಳ ಗುಂಪಾಗಿ ಬಿಂಬಿಸಿದ್ದು, ಮುಖ್ಯ ಚೀನೀ ಪಾತ್ರಕ್ಕೆ ಬಿಳಿಯ ನಟನಿಗೆ ಬಣ್ಣ ಹಚ್ಚಿದ್ದು ಈಗ ಗಂಭೀರ ಆಕ್ಷೇಪಕ್ಕೆ ಗುರಿಯಾಗಿವೆ. ಸಂಭಾಷಣೆ ಮತ್ತು ಸನ್ನಿವೇಶಗಳ ಸೊಗಸನ್ನು ಒಪ್ಪುವವರೂ ಅದನ್ನು ಹೊಸಬರಿಗೆ ನೋಡಲು ಹೇಳುವ ಮುನ್ನ ಹಿಂಜರಿಯುತ್ತಾರೆ.

1984: ಒಂದೇ ತಿಂಗಳಲ್ಲಿ ಶಿಖರ ಮತ್ತು ಕಂದರ

1979ರಲ್ಲಿ ವಾರಪತ್ರಿಕೆಯಾಗಿ ಆರಂಭವಾಗಿ ಮರುವರ್ಷ ಮಾಸಿಕವಾದ 'ಡಾಕ್ಟರ್ ಹೂ ಮ್ಯಾಗಜಿನ್' ಅಭಿಮಾನಿಗಳ ಅಭಿಪ್ರಾಯದ ದಾಖಲೆ ಪುಸ್ತಕದಂತಿದೆ. 2009ರಲ್ಲಿ ಅದು ಅಂದಿನವರೆಗಿನ 200 ಕಥೆಗಳಿಗೂ ಅಂಕ ಕೊಡುವಂತೆ ಓದುಗರನ್ನು ಕೇಳಿತು. ಮೊದಲ ಸ್ಥಾನ 'ದಿ ಕೇವ್ಸ್ ಆಫ್ ಆಂಡ್ರೊಜಾನಿ'ಗೆ, ಕೊನೆಯ ಸ್ಥಾನ 'ದಿ ಟ್ವಿನ್ ಡಿಲೆಮಾ'ಗೆ ಬಂತು. ಕುತೂಹಲದ ಸಂಗತಿಯೆಂದರೆ, ಈ ಎರಡೂ 1984ರ ಮಾರ್ಚ್‌ನಲ್ಲಿ ಒಂದರ ಹಿಂದೆ ಒಂದು ಪ್ರಸಾರವಾದವು.

ಒಂದೇ ನಿರ್ಮಾಪಕ, ಒಂದೇ ಸಂಭಾಷಣಾ ಸಂಪಾದಕ, ಒಂದೇ ಆವೃತ್ತಿ. ಆದರೆ ಮೊದಲನೆಯದನ್ನು ಅನುಭವಿ ಹೋಮ್ಸ್ ಬರೆದಿದ್ದರು, ಗ್ರೇಮ್ ಹಾರ್ಪರ್ ಚುರುಕಾಗಿ ನಿರ್ದೇಶಿಸಿದ್ದರು. ಯುದ್ಧದ ಲಾಭಕೋರರ ನಡುವೆ ಸಿಕ್ಕ ಐದನೇ ಡಾಕ್ಟರ್ ಪೀಟರ್ ಡೇವಿಸನ್, ಪರಿಚಯವಾಗಿ ಹೆಚ್ಚು ದಿನವಾಗದ ಸಂಗಾತಿ ಪೆರಿಯನ್ನು ಉಳಿಸಲು ಪ್ರಾಣ ಕೊಡುತ್ತಾನೆ. ಮರುವಾರ ಅವನ ಜಾಗದಲ್ಲಿ ಕಾಲಿನ್ ಬೇಕರ್. ಕಣ್ಣು ಕುಕ್ಕುವ ಬಣ್ಣಬಣ್ಣದ ಕೋಟು ತೊಟ್ಟ ಈ ಆರನೇ ಡಾಕ್ಟರ್, ಹಿಂದಿನವನು ಯಾರಿಗಾಗಿ ಸತ್ತನೋ ಅದೇ ಪೆರಿಯ ಕತ್ತು ಹಿಸುಕಲು ಹೋಗುತ್ತಾನೆ. ಹೊಸ ನಾಯಕನನ್ನು ಜನ ಮೆಚ್ಚಬೇಕಾದ ಹೊತ್ತಿನಲ್ಲೇ ಅವನನ್ನು ಅಪ್ರಿಯನಾಗಿಸಿ, ಆವೃತ್ತಿಯನ್ನು ಅಲ್ಲಿಗೇ ಮುಗಿಸಲಾಯಿತು. ಆ ಕಹಿ ರುಚಿಯೊಂದಿಗೆ ವೀಕ್ಷಕರು ಒಂಬತ್ತು ತಿಂಗಳು ಕಾಯಬೇಕಾಯಿತು.

ಆದುದರಿಂದ 'ಏಳು' ಮತ್ತು 'ಬೀಳು'ಗಳನ್ನು ಆಳ್ವಿಕೆಗಳಂತೆ ಕಾಲಖಂಡಗಳಾಗಿ ಹಂಚುವುದು ಸುಲಭವಲ್ಲ. ಬರೆಯುವವನೂ ನಿರ್ದೇಶಿಸುವವನೂ ಬದಲಾದರೆ ಹದಿನೈದು ದಿನಗಳಲ್ಲಿ ಎರಡೂ ಸಾಧ್ಯ.

ವಿರಾಮ, ಒಳಜಗಳ, ಅಂತ್ಯ

1980ರಿಂದ 1989ರವರೆಗೆ ಜಾನ್ ನೇಥನ್-ಟರ್ನರ್ ನಿರ್ಮಾಪಕರು. ಅಭಿಮಾನಿಗಳ ಸಮ್ಮೇಳನಗಳಿಗೆ ಹೋಗುತ್ತಿದ್ದವರು, ಅವರ ಮಾತಿಗೆ ಕಿವಿಗೊಟ್ಟವರು. ಹಳೆಯ ಕಥೆಗಳನ್ನೆಲ್ಲ ಬಲ್ಲ ಒಬ್ಬ ಅಭಿಮಾನಿ ಅವರಿಗೆ ಅನಧಿಕೃತ ಸಲಹೆಗಾರನೂ ಆಗಿದ್ದ. ಇದರ ಫಲವಾಗಿ ಹಳೆಯ ಶತ್ರುಗಳು, ಹಳೆಯ ಪಾತ್ರಗಳು ಮತ್ತೆ ಮತ್ತೆ ಬಂದವು. 1985ರ 'ಅಟ್ಯಾಕ್ ಆಫ್ ದಿ ಸೈಬರ್‌ಮೆನ್' ಪೂರ್ಣವಾಗಿ ಅರ್ಥವಾಗಲು ವೀಕ್ಷಕ 1966 ಮತ್ತು 1967ರ ಕಥೆಗಳನ್ನು ಬಲ್ಲವನಾಗಿರಬೇಕಿತ್ತು. ಅಭಿಮಾನಿಗಳು ಕೇಳಿದ್ದು ಸಿಕ್ಕಿತು. ಸಾಮಾನ್ಯ ವೀಕ್ಷಕ ಹೊರಗುಳಿದ.

1985ರ ಫೆಬ್ರುವರಿಯಲ್ಲಿ ಬಿಬಿಸಿ ಒಂದನೇ ವಾಹಿನಿಯ ನಿಯಂತ್ರಕ ಮೈಕೆಲ್ ಗ್ರೇಡ್ ಮುಂದಿನ ಆವೃತ್ತಿಯನ್ನು ಮುಂದೂಡಿದರು. ವಿರಾಮ ಸುಮಾರು 18 ತಿಂಗಳಾಯಿತು. ಅಭಿಮಾನಿಗಳು ಪತ್ರ ಬರೆದರು, ಪತ್ರಿಕೆಗಳು ಕೂಗೆಬ್ಬಿಸಿದವು, 'ಡಾಕ್ಟರ್ ಇನ್ ಡಿಸ್ಟ್ರೆಸ್' ಎಂಬ ಪ್ರತಿಭಟನಾ ಗೀತೆಯ ಧ್ವನಿಮುದ್ರಿಕೆಯೂ ಹೊರಬಂತು. 1986ರಲ್ಲಿ ಧಾರಾವಾಹಿ ಮರಳಿದ್ದು 'ದಿ ಟ್ರಯಲ್ ಆಫ್ ಎ ಟೈಮ್ ಲಾರ್ಡ್' ಎಂಬ 14 ಕಂತುಗಳ ವಿಚಾರಣೆಯ ಕಥೆಯೊಂದಿಗೆ. ತಾನೇ ಕಟಕಟೆಯಲ್ಲಿದ್ದ ಧಾರಾವಾಹಿ ನಾಯಕನನ್ನೂ ಕಟಕಟೆಯಲ್ಲಿ ನಿಲ್ಲಿಸಿತು. ಬರಹದ ನಡುವೆಯೇ ಹೋಮ್ಸ್ ನಿಧನರಾದರು.

ಆ ವರ್ಷದ ಡಿಸೆಂಬರ್‌ನಲ್ಲಿ ಬಿಬಿಸಿಯ 'ಓಪನ್ ಏರ್' ಕಾರ್ಯಕ್ರಮದಲ್ಲಿ ಅಭಿಮಾನಿಗಳಿಗೂ ಲೇಖಕ ದಂಪತಿ ಪಿಪ್ ಮತ್ತು ಜೇನ್ ಬೇಕರ್ ಅವರಿಗೂ ಮುಖಾಮುಖಿ ನಡೆಯಿತು. ಅಭಿಮಾನಿಗಳ ಪರವಾಗಿ ಮಾತನಾಡಿದವರಲ್ಲಿ ಹದಿಹರೆಯದ ಕ್ರಿಸ್ ಚಿಬ್ನಾಲ್ ಒಬ್ಬ. ಬರಹ ನೀರಸವೆಂದು, ಇನ್ನೂ ಉತ್ತಮವಾಗಿರಬಹುದಿತ್ತೆಂದು ಆತ ನೇರವಾಗಿಯೇ ಹೇಳಿದ. ಈ ಹೆಸರು ಮುಂದೆ ಮತ್ತೆ ಬರಲಿದೆ.

ಕಾಲಿನ್ ಬೇಕರ್ ಅವರನ್ನು ಸಂಸ್ಥೆಯ ಆದೇಶದಂತೆ ಕೈಬಿಡಲಾಯಿತು. 1987ರಲ್ಲಿ ಸಿಲ್ವೆಸ್ಟರ್ ಮೆಕಾಯ್ ಏಳನೇ ಡಾಕ್ಟರ್ ಆದರು. ಐಟಿವಿಯ ಅತಿ ಜನಪ್ರಿಯ 'ಕೊರೊನೇಷನ್ ಸ್ಟ್ರೀಟ್' ಎದುರಿಗೆ ಧಾರಾವಾಹಿಯನ್ನು ಇರಿಸಲಾಯಿತು. ಇತ್ತ ಅಭಿಮಾನಿಗಳದೇ ಒಂದು ಪತ್ರಿಕೆ ನಿರ್ಮಾಪಕರನ್ನು ತೆಗೆಯಬೇಕೆಂದು ಆಂದೋಲನ ನಡೆಸಿತು. 1988ರ 'ದಿ ಗ್ರೇಟೆಸ್ಟ್ ಶೋ ಇನ್ ದಿ ಗ್ಯಾಲಕ್ಸಿ' ಕಥೆಯಲ್ಲಿ, ಹಿಂದಿನಷ್ಟು ಈಗ ಚೆನ್ನಾಗಿಲ್ಲ ಎನ್ನುವ ಕನ್ನಡಕದ ಹುಡುಗನ ಪಾತ್ರವೊಂದು ಬರುತ್ತದೆ. ಗೇಲಿ ಯಾರ ಕುರಿತು ಎಂಬುದು ಎಲ್ಲರಿಗೂ ತಿಳಿಯುವಂತಿತ್ತು.

1989ರ 'ಬ್ಯಾಟಲ್‌ಫೀಲ್ಡ್' ಕಥೆಯ ಮೊದಲ ಕಂತಿಗೆ ದೊರೆತ ವೀಕ್ಷಕರು 31 ಲಕ್ಷ ಮಾತ್ರ. ಅದೇ ವರ್ಷದ ಡಿಸೆಂಬರ್ 6ರಂದು 'ಸರ್ವೈವಲ್' ಕಥೆಯ ಕೊನೆಯ ಕಂತಿನೊಂದಿಗೆ ಧಾರಾವಾಹಿ ನಿಂತಿತು. ಸಂಭಾಷಣಾ ಸಂಪಾದಕ ಆಂಡ್ರೂ ಕಾರ್ಟ್‌ಮೆಲ್ ಎಳೆಯ ಲೇಖಕರನ್ನು ಕಲೆಹಾಕಿ ಬರಹಕ್ಕೆ ಹೊಸ ಕಸುವು ತಂದ ಹೊತ್ತು ಅದಾಗಿತ್ತು. ಅಂತಿಮ ಎರಡು ಆವೃತ್ತಿಗಳ ಮಟ್ಟ ಏರುತ್ತಿತ್ತೆಂದು ಈಗ ಬಹುಪಾಲು ಅಭಿಮಾನಿಗಳು ಒಪ್ಪುತ್ತಾರೆ. ಒಪ್ಪಿಗೆ ಬರುವ ಹೊತ್ತಿಗೆ ಧಾರಾವಾಹಿಯೇ ಇರಲಿಲ್ಲ.

ತೆರೆಯಿಲ್ಲದ ವರ್ಷಗಳು

1989ರಿಂದ 2005ರವರೆಗಿನ ಅವಧಿಯನ್ನು ಅಭಿಮಾನಿಗಳು ವನವಾಸದ ವರ್ಷಗಳೆಂದೇ ಕರೆಯುತ್ತಾರೆ. 1991ರಲ್ಲಿ ವರ್ಜಿನ್ ಪ್ರಕಾಶನ ಹೊಸ ಕಾದಂಬರಿಗಳ ಮಾಲೆ ಆರಂಭಿಸಿತು. ಹೊಸ ಲೇಖಕರಿಗೆ ಬಾಗಿಲು ತೆರೆದಿತ್ತು. ಪಾಲ್ ಕಾರ್ನೆಲ್, ಮಾರ್ಕ್ ಗೇಟಿಸ್, ರಸೆಲ್ ಟಿ. ಡೇವಿಸ್ ಈ ಮಾಲೆಯಲ್ಲಿ ಬರೆದವರು. 1999ರಲ್ಲಿ ಬಿಗ್ ಫಿನಿಷ್ ಸಂಸ್ಥೆ ಮೂಲ ನಟರನ್ನೇ ಕರೆತಂದು ಧ್ವನಿನಾಟಕಗಳನ್ನು ಮಾಡತೊಡಗಿತು. ಕಿರುತೆರೆಯಲ್ಲಿ ಅವಮಾನಿತರಾಗಿ ನಿರ್ಗಮಿಸಿದ್ದ ಕಾಲಿನ್ ಬೇಕರ್, ಒಳ್ಳೆಯ ಬರಹ ಸಿಕ್ಕಾಗ ತಾವೆಂಥ ಡಾಕ್ಟರ್ ಆಗಬಲ್ಲರೆಂಬುದನ್ನು ಅಲ್ಲಿ ತೋರಿಸಿದರು.

ಈ ಕೆಲಸ ವ್ಯರ್ಥವಾಗಲಿಲ್ಲ. ಕಾರ್ನೆಲ್ ಅವರ 1995ರ ಕಾದಂಬರಿ 'ಹ್ಯೂಮನ್ ನೇಚರ್' 2007ರಲ್ಲಿ ಎರಡು ಕಂತುಗಳ ಕಿರುತೆರೆ ಕಥೆಯಾಯಿತು. ರಾಬರ್ಟ್ ಶಿಯರ್‌ಮನ್ ಅವರ ಧ್ವನಿನಾಟಕ 'ಜುಬಿಲಿ' 2005ರ 'ಡಾಲೆಕ್' ಕಂತಿಗೆ ಬೀಜವಾಯಿತು. ನಡುವೆ 1996ರಲ್ಲಿ ಪಾಲ್ ಮೆಕ್‌ಗ್ಯಾನ್ ನಟಿಸಿದ ಕಿರುತೆರೆ ಚಲನಚಿತ್ರವನ್ನು ಬ್ರಿಟನ್ನಿನಲ್ಲಿ 90 ಲಕ್ಷ ಜನ ನೋಡಿದರೂ ಅಮೆರಿಕದಲ್ಲಿ ಅದು ಸೋತು, ಸರಣಿಯಾಗಿ ಮುಂದುವರಿಯಲಿಲ್ಲ. ಡಾಕ್ಟರ್ ಅರ್ಧ ಮನುಷ್ಯ ಎಂಬ ಅದರ ಒಂದು ಮಾತು ಮಾತ್ರ ವರ್ಷಗಟ್ಟಲೆ ವಾದಕ್ಕೆ ಮೇವಾಯಿತು.

ಪುನರಾಗಮನ

2005ರ ಮಾರ್ಚ್ 26ರಂದು 'ರೋಸ್' ಕಂತಿನೊಂದಿಗೆ ಧಾರಾವಾಹಿ ಮರಳಿತು. ವೀಕ್ಷಕರು 1 ಕೋಟಿ 8 ಲಕ್ಷ. ಡೇವಿಸ್ ಮುಖ್ಯ ಲೇಖಕ, ಕ್ರಿಸ್ಟೋಫರ್ ಎಕಲ್ಸ್ಟನ್ ಒಂಬತ್ತನೇ ಡಾಕ್ಟರ್. ಡೇವಿಸ್ ಅಪ್ಪಟ ಅಭಿಮಾನಿ. ಆದರೆ 1985ರ ಪಾಠ ಕಲಿತಿದ್ದವರು. ಕಥೆ ಆರಂಭವಾದದ್ದು ಲಂಡನ್ನಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹುಡುಗಿಯಿಂದ. ಟೈಮ್ ಲಾರ್ಡ್‌ಗಳೆಲ್ಲ ಯುದ್ಧದಲ್ಲಿ ನಾಶವಾಗಿದ್ದಾರೆಂದು ಹೇಳಿ ಹಳೆಯ ಹೊರೆಯನ್ನು ಅವರು ಒಮ್ಮೆಗೇ ಇಳಿಸಿದರು. ತಾಯಿ, ಗೆಳೆಯ, ಮನೆಯ ನಂಟು ಕಥೆಯೊಳಗೆ ಬಂದವು. ಭಾವುಕತೆ ಅತಿಯಾಯಿತೆಂದು ಹಳಬರಲ್ಲಿ ಕೆಲವರು ಗೊಣಗಿದರೂ ಮನೆಮಂದಿಯೆಲ್ಲ ಕುಳಿತು ನೋಡುವ ಶನಿವಾರದ ಸಂಜೆ ಮರಳಿತ್ತು. ಹತ್ತನೇ ಡಾಕ್ಟರ್ ಡೇವಿಡ್ ಟೆನೆಂಟ್ ಕಾಲದಲ್ಲಿ, 2007ರ ಕ್ರಿಸ್‌ಮಸ್ ಕಂತನ್ನು 1 ಕೋಟಿ 33 ಲಕ್ಷ ಜನ ನೋಡಿದರು.

ನಂತರದ ಮುಖ್ಯ ಲೇಖಕ ಸ್ಟೀವನ್ ಮೊಫಾಟ್ ಕೂಡ ಅಭಿಮಾನಿಯೇ. ಅವರ 2007ರ 'ಬ್ಲಿಂಕ್' ಹ್ಯೂಗೊ ಪ್ರಶಸ್ತಿ ಪಡೆದಿತ್ತು. 2010ರಿಂದ 2017ರವರೆಗಿನ ಅವರ ಅವಧಿಯ ಬಗ್ಗೆ ಮುಖ್ಯ ಆಕ್ಷೇಪ ಕಥೆ ಗೋಜಲಾಯಿತು ಎಂಬುದು. ಅದೇ ಜಟಿಲತೆಗಾಗಿ ಮೆಚ್ಚುವವರೂ ಇದ್ದಾರೆ. 2013ರ ನವೆಂಬರ್ 23ರ ಸುವರ್ಣ ಮಹೋತ್ಸವದ ಕಂತು 'ದಿ ಡೇ ಆಫ್ ದಿ ಡಾಕ್ಟರ್' 94 ದೇಶಗಳಲ್ಲಿ ಏಕಕಾಲಕ್ಕೆ ಪ್ರಸಾರವಾಗಿ ಗಿನ್ನೆಸ್ ದಾಖಲೆ ಸೇರಿತು. 2014ರ ಓದುಗರ ಮತದಾನದಲ್ಲಿ ಮೊದಲ ಸ್ಥಾನವೂ ಅದಕ್ಕೇ ದಕ್ಕಿತು. ಕೊನೆಯ ಸ್ಥಾನ ಆಗಲೂ 'ದಿ ಟ್ವಿನ್ ಡಿಲೆಮಾ'ದ್ದೇ. ಹನ್ನೆರಡನೇ ಡಾಕ್ಟರ್ ಪೀಟರ್ ಕಪಾಲ್ಡಿ, 1974ರಲ್ಲಿ ಹುಡುಗನಾಗಿದ್ದಾಗ 'ರೇಡಿಯೊ ಟೈಮ್ಸ್' ಪತ್ರಿಕೆಗೆ ಈ ಧಾರಾವಾಹಿಯ ಕುರಿತು ಬರೆದ ಪತ್ರ ಪ್ರಕಟವಾಗಿತ್ತು.

ಟೀಕಾಕಾರನೇ ಕಟಕಟೆಯಲ್ಲಿ

2018ರಲ್ಲಿ ಕ್ರಿಸ್ ಚಿಬ್ನಾಲ್ ಮುಖ್ಯ ಲೇಖಕರಾಗಿ ಬಂದರು. 1986ರಲ್ಲಿ ಲೇಖಕರನ್ನು ಪ್ರಶ್ನಿಸಿದ್ದ ಅದೇ ಹುಡುಗ. ಜೋಡಿ ವಿಟೇಕರ್ ಹದಿಮೂರನೇ ಡಾಕ್ಟರ್, ಆ ಪಾತ್ರದ ಮುಖ್ಯ ನಟಿಯಾದ ಮೊದಲ ಮಹಿಳೆ. ಅವರ ಮೊದಲ ಕಂತಿಗೆ 1 ಕೋಟಿ 9 ಲಕ್ಷ ವೀಕ್ಷಕರು ಸಿಕ್ಕರು. ಆ ಆವೃತ್ತಿಯಲ್ಲಿ ವಿನಯ್ ಪಟೇಲ್ ಬರೆದ 'ಡೀಮನ್ಸ್ ಆಫ್ ದಿ ಪಂಜಾಬ್' 1947ರ ದೇಶವಿಭಜನೆಯ ದಿನಗಳಲ್ಲಿ ನಡೆಯುತ್ತದೆ. ಸಂಗಾತಿ ಯಾಸ್ಮಿನ್ ಖಾನ್ ತನ್ನ ಅಜ್ಜಿಯ ಯೌವನಕ್ಕೆ ಹೋಗಿ, ಹಿಂದೂ ವರನೊಂದಿಗೆ ಆಕೆಯ ಮದುವೆಯನ್ನೂ ಅಣ್ಣತಮ್ಮಂದಿರ ನಡುವೆ ಎದ್ದ ಗೋಡೆಯನ್ನೂ ಕಾಣುತ್ತಾಳೆ. ಅನ್ಯಗ್ರಹದವರು ಇಲ್ಲಿ ಕೊಲ್ಲಲು ಬಂದವರಲ್ಲ, ಒಂಟಿಯಾಗಿ ಸತ್ತವರಿಗೆ ಸಾಕ್ಷಿಯಾಗಲು ಬಂದವರು. ಚಿಬ್ನಾಲ್ ಕಾಲವನ್ನು ಒಪ್ಪದವರೂ ಈ ಕಂತನ್ನು ಮೆಚ್ಚುತ್ತಾರೆ.

ಈ ಅವಧಿಯ ಚರ್ಚೆ ಹಿಂದೆಂದಿಗಿಂತ ಕಹಿಯಾಯಿತು. ಮಹಿಳೆ ಡಾಕ್ಟರ್ ಆಗುವುದನ್ನೇ ಸಹಿಸದವರು ಒಂದು ಕಡೆ. ನಟಿಯನ್ನು ಸ್ವಾಗತಿಸಿ ಬರಹ ದುರ್ಬಲವೆಂದವರು ಇನ್ನೊಂದು ಕಡೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದ ಪ್ರಾಮಾಣಿಕ ವಿಮರ್ಶೆಗೂ ಪೂರ್ವಗ್ರಹದ ಬಣ್ಣ ಬಂತು, ಪೂರ್ವಗ್ರಹಕ್ಕೂ ವಿಮರ್ಶೆಯ ಮುಖವಾಡ ಸಿಕ್ಕಿತು.

2020ರ ಮಾರ್ಚ್ 1ರ 'ದಿ ಟೈಮ್‌ಲೆಸ್ ಚಿಲ್ಡ್ರನ್' ಕಂತು, ಡಾಕ್ಟರ್ ಮೂಲತಃ ಟೈಮ್ ಲಾರ್ಡ್ ಕುಲದವಳೇ ಅಲ್ಲವೆಂದೂ ಹಾರ್ಟ್‌ನೆಲ್‌ಗೆ ಮುಂಚೆಯೂ ಆಕೆಗೆ ಅನೇಕ ಜನ್ಮಗಳಿದ್ದವೆಂದೂ ಹೇಳಿತು. ವೀಕ್ಷಕರ ಸಂಖ್ಯೆ ಆಗಲೇ 50 ಲಕ್ಷದೊಳಕ್ಕೆ ಇಳಿದಿತ್ತು. ಪರಂಪರೆಗೆ ದ್ರೋಹವಾಯಿತೆಂಬ ಕೂಗೆದ್ದಿತು. ಸಮರ್ಥಕರು 1976ರ 'ದಿ ಬ್ರೇನ್ ಆಫ್ ಮಾರ್ಬಿಯಸ್' ಕಥೆಯಲ್ಲಿ ಮಿಂಚಿ ಮರೆಯಾಗುವ ಅಪರಿಚಿತ ಮುಖಗಳನ್ನು ಸಾಕ್ಷಿಯಾಗಿ ಮುಂದಿಟ್ಟರು. ವಾದದ ಧಾಟಿ 'ದಿ ಡೆಡ್ಲಿ ಅಸಾಸಿನ್' ಕಾಲದ್ದೇ. ಈ ಸಲವೂ ಕಾಲ ತೀರ್ಪನ್ನು ತಿರುಗಿಸುವುದೋ ಇಲ್ಲವೋ ಎಂಬುದು ಮುಂದಿನ ಪೀಳಿಗೆಗೆ ಬಿಟ್ಟದ್ದು.

ಯಾವುದು ಅಧಿಕೃತ?

ಇಂಥ ಜಗಳಗಳಿಗೆ ಕೊನೆಯಿಲ್ಲದಿರುವುದಕ್ಕೆ ಒಂದು ಕಾರಣವಿದೆ. ಯಾವ ಕಥೆ ಅಧಿಕೃತ, ಯಾವುದು ಅಲ್ಲ ಎಂದು ಬಿಬಿಸಿ ಎಂದೂ ಪಟ್ಟಿ ಮಾಡಿಲ್ಲ. ಕಾದಂಬರಿ, ಧ್ವನಿನಾಟಕ, ಚಿತ್ರಕಥೆಗಳೆಲ್ಲವೂ ಅವರವರ ಭಾವಕ್ಕೆ ಸೇರಿದ್ದು. ಕಿರುತೆರೆಯ ಕಥೆಗಳೇ ಒಂದಕ್ಕೊಂದು ತಾಳೆಯಾಗುವುದಿಲ್ಲ. ಭೂಮಿಯನ್ನು ಕಾಯುವ 'ಯುನಿಟ್' ಸೇನೆಯ ಎಪ್ಪತ್ತರ ದಶಕದ ಕಥೆಗಳು ಯಾವ ಇಸವಿಯಲ್ಲಿ ನಡೆದವು ಎಂಬುದು ಇದಕ್ಕೆ ಪ್ರಸಿದ್ಧ ನಿದರ್ಶನ. 1975ರ ಕಥೆಯೊಂದರಲ್ಲಿ ಸಂಗಾತಿ ಸಾರಾ ತಾನು 1980ರಿಂದ ಬಂದವಳೆನ್ನುತ್ತಾಳೆ. 1983ರ ಕಥೆಯೊಂದು ಆ ಸೇನೆಯ ಬ್ರಿಗೇಡಿಯರ್ 1977ಕ್ಕೇ ನಿವೃತ್ತನಾಗಿದ್ದನೆನ್ನುತ್ತದೆ. ಎರಡನ್ನೂ ಹೊಂದಿಸಲು ಪುಟಗಟ್ಟಲೆ ಬರೆದವರಿದ್ದಾರೆ. 2008ರ ಕಂತೊಂದರಲ್ಲಿ ಡಾಕ್ಟರನೇ ತಾನು ಯುನಿಟ್‌ನಲ್ಲಿದ್ದದ್ದು ಎಪ್ಪತ್ತರ ದಶಕದಲ್ಲೋ ಎಂಬತ್ತರಲ್ಲೋ ಎಂದು ಗೊಂದಲಗೊಂಡದ್ದು ಅಭಿಮಾನಿಗಳಿಗೆ ಲೇಖಕರು ಹೊಡೆದ ಕಣ್ಣು.

ಮತ್ತೊಂದು ತಿರುವು

2022ರ ಅಕ್ಟೋಬರ್‌ನಲ್ಲಿ ಬಿಬಿಸಿ ಅಮೆರಿಕದ ಡಿಸ್ನಿ ಸಂಸ್ಥೆಯೊಂದಿಗೆ ಒಪ್ಪಂದ ಪ್ರಕಟಿಸಿತು. ಡೇವಿಸ್ ಮತ್ತೆ ಚುಕ್ಕಾಣಿ ಹಿಡಿದರು. 2023ರ ವಜ್ರ ಮಹೋತ್ಸವದಲ್ಲಿ ಟೆನೆಂಟ್ ಮರಳಿದರು. ಹಳೆಯ ಡಾಕ್ಟರ್ ಅಳಿಯದೆ ಉಳಿದು ಹೊಸಬನು ಅವನಿಂದ ಬೇರ್ಪಡುವ ವಿಚಿತ್ರ ಮರುಹುಟ್ಟಿನ ಮೂಲಕ ಶೂಟಿ ಗಾಟ್ವಾ ಹದಿನೈದನೇ ಡಾಕ್ಟರ್ ಆದರು. ಹಣ ಹರಿದು ತೆರೆಯ ವೈಭವ ಹೆಚ್ಚಿತು, ಆದರೆ ವೀಕ್ಷಕರ ಸಂಖ್ಯೆ ಅದಕ್ಕೆ ತಕ್ಕಂತೆ ಏರಲಿಲ್ಲ. 2025ರ ಮೇ 31ರ 'ದಿ ರಿಯಾಲಿಟಿ ವಾರ್' ಕಂತಿನಲ್ಲಿ ಗಾಟ್ವಾ ನಿರ್ಗಮಿಸಿ, 2005ರ ರೋಸ್ ಪಾತ್ರಧಾರಿ ಬಿಲ್ಲಿ ಪೈಪರ್ ಅವರ ಮುಖ ಕಾಣಿಸಿಕೊಂಡಿತು. ಅದು ಹೊಸ ಡಾಕ್ಟರನೇ ಅಲ್ಲವೇ ಎಂಬುದನ್ನು ನಿರ್ಮಾಪಕರು ಬಿಡಿಸಿ ಹೇಳಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಡಿಸ್ನಿ ಒಪ್ಪಂದ ಮುಂದುವರಿಯುವುದಿಲ್ಲವೆಂದೂ 2026ರ ಕ್ರಿಸ್‌ಮಸ್‌ಗೆ ಡೇವಿಸ್ ಬರೆಯುವ ವಿಶೇಷ ಕಂತು ಬರಲಿದೆಯೆಂದೂ ಬಿಬಿಸಿ ಪ್ರಕಟಿಸಿತು.

1985ರ ವಿರಾಮವನ್ನೂ 1989ರ ಮೌನವನ್ನೂ ಕಂಡವರಿಗೆ ಈ ಆತಂಕ ಹೊಸದಲ್ಲ. ಅವರ ಚರಿತ್ರೆ ಎರಡು ಪಾಠಗಳನ್ನು ಒಟ್ಟಿಗೇ ಹೇಳುತ್ತದೆ. ಅಭಿಮಾನಿಗಳ ಮಾತನ್ನೇ ಕೇಳಿ ಹಳೆಯದನ್ನೇ ಮೆಲುಕು ಹಾಕಿದಾಗ ಧಾರಾವಾಹಿ ಬಡವಾಯಿತು. ಅಭಿಮಾನಿಗಳು ಇಲ್ಲದಿದ್ದರೆ ಅದು ಉಳಿಯುತ್ತಲೇ ಇರಲಿಲ್ಲ. ಧ್ವನಿ ಮುದ್ರಿಸಿಕೊಂಡವರೂ ಕಾದಂಬರಿ ಬರೆದವರೂ ನಿರ್ಮಾಪಕರನ್ನು ಹಳಿದವರೂ ಒಂದೇ ಬಳಗದವರು. ಯಾವ ಕಾಲ ಶ್ರೇಷ್ಠ ಎಂಬ ಪ್ರಶ್ನೆಗೆ ಅವರಲ್ಲಿ ಒಮ್ಮತ ಮೂಡಿಲ್ಲ. ಪೈಪರ್ ಅವರ ಮುಖವನ್ನೇ ಮೊದಲು ಕಂಡ ಮಗುವೊಂದು ನಾಳೆ ಅದನ್ನೇ ಸುವರ್ಣಯುಗವೆಂದರೆ, ಹಳಬರು ಒಪ್ಪದೆ ವಾದಿಸುವುದು ಮಾತ್ರ ನಿಶ್ಚಿತ.